ವಿಧಿ ಅಲ್ಲ, ಕೊಳೆ

ನಮಸ್ಕಾರ. ನಿಮ್ಮ ಕಥೆ ಬಂದು ಮೂರು ವಾರ ಆಯ್ತು, ಉತ್ತರ ತಡ ಆಯ್ತು ಅಂತ ಬೇಜಾರ್ ಮಾಡ್ಕೋಬೇಡಿ. ಮೊದ್ಲೇ ಹೇಳ್ಬಿಡ್ತೀನಿ, ಈಗಿರೋ ಹಾಗೆ ಹಾಕೋಕಾಗಲ್ಲ. "ನಮ್ಮ ಪತ್ರಿಕೆಗೆ ಹೊಂದುವುದಿಲ್ಲ" ಅಂತ ಒಂದು ಲೈನ್ ಬರೆದು ಕೈ ತೊಳ್ಕೋಬಹುದಿತ್ತು, ಆದ್ರೆ ಆರನೇ ಪುಟದಲ್ಲಿ ಒಂದು ವಾಕ್ಯ ಇದೆ, ಅದು ನನ್ನ ಬಿಡ್ತಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಕಥೆ ಇಷ್ಟು. ಸಾಗರದ ಕಡೆ ಒಂದು ಮನೆ, ಒಂದೆಕರೆ ಅಡಿಕೆ ತೋಟ. ತೋಟದ ಫಸಲು ಹೋಗುತ್ತೆ, ಅಜ್ಜ ಹಾಸಿಗೆ ಹಿಡೀತಾರೆ, ಅಜ್ಜಿ ಹೇಗೋ ಸಂಸಾರ ತೂಗಿಸ್ತಾರೆ, ಎಷ್ಟೋ ವರ್ಷ ಆದ್ಮೇಲೆ ಅವರು ತೀರ್ಕೊಂಡಾಗ ಮೊಮ್ಮಗಳು ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ಬರ್ತಾಳೆ. ಇದು ನಮ್ಮಜ್ಜಿ ಕಥೆನೇ ಸಾರ್ ಅಂತ ಜೊತೆಗಿರೋ ಚೀಟೀಲಿ ಬರ್ದಿದ್ದೀರ. ಸರಕಿಗೇನೂ ಕೊರತೆ ಇಲ್ಲ.

ಆದ್ರೆ ಶುರು ನೋಡಿ. "ವಿಧಿಯ ಕ್ರೂರ ಅಟ್ಟಹಾಸಕ್ಕೆ ಹಚ್ಚಹಸಿರ ತೋಟ ನಲುಗಿತು, ಅಜ್ಜಿಯ ಬಾಳು ನೋವುಸಾಗರವಾಯಿತು." ಈ ವಿಧಿ ಯಾರಮ್ಮ? ನಾನು ಕೋಲಾರದ ಕಡೆಯವನು, ರಾಗಿ ಹೊಲ ಗೊತ್ತು, ಅಡಿಕೆ ಅಂದ್ರೆ ಎಲೆ ಜೊತೆ ಹಾಕ್ಕೊಳ್ಳೋದು ಅಷ್ಟೇ ಗೊತ್ತು, ಅದಕ್ಕೆ ತೀರ್ಥಹಳ್ಳಿಯ ಗೆಳೆಯನಿಗೆ ಫೋನ್ ಮಾಡಿ ಮಳೆಗಾಲದಲ್ಲಿ ಫಸಲು ಪೂರ್ತಿ ಹೋಗೋದು ಹೇಗಯ್ಯಾ ಅಂತ ಕೇಳ್ದೆ. "ಇನ್ನೇನು, ಕೊಳೆ ಬಂದಿರ್ತದೆ" ಅಂದ. ಕೊಳೆ ಅಂದ್ರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ರೋಗ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಅದೇ ಬೋರ್ಡೋ ದ್ರಾವಣ, ಮಳೆ ಹಿಡಿಯೋಕೆ ಮುಂಚೆ ಒಂದ್ಸಲ ಗೊನೆಗೆ ಹೊಡೀಬೇಕು, ಒಂದೂವರೆ ತಿಂಗಳಿಗೆ ಇನ್ನೊಂದ್ಸಲ, ಆ ಎರಡನೇ ಸಲಕ್ಕೆ ಮಳೆ ಬಿಡುವು ಕೊಡ್ಲಿಲ್ಲ ಅಂದ್ರೆ ಮುಗೀತು, ಜಾರೋ ಮರ ಯಾರೂ ಹತ್ತಲ್ಲ, ಹತ್ತಿ ಹೊಡೆದ್ರೂ ಔಷಧಿ ತೊಳ್ಕೊಂಡು ಹೋಗುತ್ತೆ. ಬೆಳಿಗ್ಗೆ ತೋಟಕ್ಕೆ ಇಳಿದ್ರೆ ಬುಡದ ತುಂಬ ಹಸಿರು ಕಾಯಿ ಹಾಸಿರ್ತವೆ, ಅದರ ಮೇಲೆ ಬಿಳೀ ಬೂಸ್ಟು. ಎರಡು ನಿಮಿಷದಲ್ಲಿ ಹೇಳಿ ಫೋನ್ ಇಟ್ಟ. ನಂಗೆ ಹೊಟ್ಟೆ ತೊಳೆಸಿದ ಹಾಗಾಯ್ತು. ನಿಮ್ಮ ಎರಡು ಪುಟ ಓದ್ದಾಗ ಏನೂ ಆಗಿರ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ.

ಇದೆಲ್ಲ ನಿಮಗೆ ನನ್ನ ಗೆಳೆಯನಿಗಿಂತ ಚೆನ್ನಾಗಿ ಗೊತ್ತು, ಆ ಜಗಲಿ ಮೇಲೆ ಕೂತು ಮಳೆ ನೋಡಿದವರು ನೀವು. ಆದ್ರೆ ಬರೆಯೋಕೆ ಕೂತಾಗ ಗೊತ್ತಿರೋದನ್ನ ಹೊರಗೆ ಬಿಟ್ಟು, ಬರಹ ಅಂದ್ರೆ ಹೀಗಿರಬೇಕು ಅಂತ ಯಾರ್ಯಾರದೋ ಓದಿ ತಲೇಲಿ ಉಳ್ಕೊಂಡಿದ್ದನ್ನ ಒಳಗೆ ಕರ್ಕೊಂಡಿದ್ದೀರ. ನಾನೂ ಇದೇ ಮಾಡ್ದೋನು. ನನ್ನ ಮೊದಲನೇ ಕಥೆ ಅಚ್ಚಾದಾಗ ಅಮ್ಮನಿಗೆ ಓದಿ ಹೇಳ್ದೆ, ಹಸು ಕರು ಹಾಕೋ ರಾತ್ರಿ, ಬೆಳದಿಂಗಳ ಮೇಲೆ ಎಂಟು ಸಾಲು ಹೊಸೆದಿದ್ದೆ. ಎಲ್ಲ ಕೇಳಿಸ್ಕೊಂಡು ಅಮ್ಮ ಕೇಳಿದ್ದು ಒಂದೇ, "ಅದ್ಸರಿ, ಕಸ ಬಿತ್ತಾ ಇಲ್ವಾ ಹೇಳಲೇ ಇಲ್ವಲ್ಲೋ?" ಕರು ಹಾಕಿದ ಮೇಲೆ ಕಸ, ಅಂದ್ರೆ ಮಾಸು, ಬೀಳೋ ತನಕ ಯಾರೂ ಹಸು ಬಿಟ್ಟು ಏಳಲ್ಲ ಅನ್ನೋದು ನಂಗೂ ಗೊತ್ತಿತ್ತು, ಆದ್ರೆ ಅಂಥದ್ದು ಕಥೇಲಿ ಬರಬಾರದು ಅಂದ್ಕೊಂಡಿದ್ದೆ.

ನೋವುಸಾಗರ ಬಗ್ಗೆ ಒಂದು ಮಾತು. ಹೀಗೆ ಕನ್ನಡ ಪದಕ್ಕೆ ಸಂಸ್ಕೃತದ್ದು ಅಂಟಿಸಿದ್ರೆ ಅರಿಸಮಾಸ ಅಂತ ಮೇಷ್ಟ್ರು ಕೆಂಪು ಇಂಕಲ್ಲಿ ಗೀಚ್ತಿದ್ರು. ಕಾಯೋ ಹಾಲಿಗೆ ಮಜ್ಜಿಗೆ ಹನಿ ಬಿಟ್ಟ ಹಾಗೆ ಅಂತ 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಬೈದಿದ್ದಾರೆ. ವ್ಯಾಕರಣ ಬಿಡಿ, ಅದಕ್ಕೆಲ್ಲ ನಾನು ತಲೆ ಕೆಡಿಸ್ಕೊಳಲ್ಲ. ನಿಮ್ಮೂರ ಹೆಸರು ಸಾಗರ ಅನ್ನೋದೊಂದು ಬಿಟ್ರೆ ಆ ಸಾಗರಕ್ಕೂ ಈ ಅಜ್ಜಿಗೂ ಸಂಬಂಧ ಇಲ್ಲ, ಅದು ನನ್ನ ತಕರಾರು. ಅಜ್ಜಿ ಬಾಯಲ್ಲಿ "ಬದುಕಿನ ಹೋರಾಟದಲ್ಲಿ ನಾನು ಸೋಲಲಾರೆ" ಅಂತ ವಾರ್ತೆ ಓದಿಸಿದ್ದೀರಲ್ಲ, ಅದನ್ನೂ ತೆಗೀರಿ. ಮನೆಮಾತಲ್ಲೇ ಬರೀರಿ, ಅರ್ಥ ಆಗದಿದ್ರೆ ಕೇಳ್ತೀನಿ.

ಈಗ ಆರನೇ ಪುಟ. "ಆ ವರ್ಷ ಅಜ್ಜಿ ರಾತ್ರಿ ಹೊತ್ತು ಪಕ್ಕದ ಕೇರಿಗೆ ಅಡಿಕೆ ಸುಲಿಯಲು ಹೋಗುತ್ತಿದ್ದಳು, ಬರುವಾಗ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದಳು." ಇಷ್ಟೇ. ಮುಂದಿನ ಸಾಲಲ್ಲೇ "ತ್ಯಾಗದ ಪ್ರತಿರೂಪ" ಅಂತೇನೋ ಬಂದು ಅದನ್ನ ಮುಚ್ಚಾಕ್ಬಿಟ್ಟಿದೆ. ನಾನು ಇಲ್ಲಿ ನಿಂತೆ. ಕೈ ಯಾಕೆ ಮುಚ್ಕೊಂಡ್ರು, ಚಳಿಗಾ ಅಂತ ಮತ್ತೆ ಗೆಳೆಯನಿಗೇ ಫೋನ್. ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿದ್ರೆ ಅದರ ಚೊಗರು ರಸಕ್ಕೆ ಬೆರಳೆಲ್ಲ ಕಪ್ಪಾಗುತ್ತಂತೆ, ಸೋಪು ಹಾಕಿ ತಿಕ್ಕಿದ್ರೂ ಬೇಗ ಹೋಗಲ್ವಂತೆ. ತೋಟ ಚೆನ್ನಾಗಿದ್ದಾಗಲೂ ಅಜ್ಜಿ ಕೈ ಕಪ್ಪಾಗೇ ಇದ್ದಿರುತ್ತೆ, ಆಗ ಯಾರೂ ಮುಚ್ಕೊಳ್ಳಲ್ಲ. ಈ ವರ್ಷ ಮನೇಲಿ ಸುಲಿಯೋಕೆ ಅಡಿಕೆನೇ ಇಲ್ಲ ಅಂತ ಊರಿಗೆಲ್ಲ ಗೊತ್ತು, ಕೈ ನೋಡಿದ ತಕ್ಷಣ ಕೂಲಿಗೆ ಹೋಗಿದ್ದಾರೆ ಅಂತ ಗೊತ್ತಾಗಿ ಹೋಗುತ್ತೆ. ಇಡೀ ಕಥೆ ಆ ಸೆರಗಿನ ಕೆಳಗಿದೆ ಮಾರಾಯ್ರೇ, ನೀವು ಒಂದು ಸಾಲು ಕೊಟ್ಟು ಮುಂದೆ ಹೋಗಿದ್ದೀರ.

ಹಾಗಾಗಿ ಮೊದಲ ಎರಡು ಪುಟ ಪೂರ್ತಿ ಹೋಗ್ಲಿ, ಬಸ್ಸು, ಕಿಟಕಿ, ಹಿಂದಕ್ಕೆ ಓಡೋ ಮರಗಳು ಎಲ್ಲ. ಅಜ್ಜಿ ಸಾಯ್ಲೇಬೇಕಾ ಅನ್ನೋದನ್ನೂ ಯೋಚ್ನೆ ಮಾಡಿ, ನಂಗೇನೋ ಬೇಡ ಅನ್ಸುತ್ತೆ. ಆ ಒಂದು ಸುಗ್ಗಿ ಸಾಕು, ರಾತ್ರಿ ಎಷ್ಟೊತ್ತಿಗೆ ಹೋಗ್ತಿದ್ರು, ಸುಲಿಯೋಕೆ ಕೂತವರಲ್ಲಿ ಅವರ ಜೊತೆ ಯಾರು ಮಾತಾಡ್ತಿದ್ರು, ಯಾರು ಆಡ್ತಿರ್ಲಿಲ್ಲ, ಲೆಕ್ಕದ ದುಡ್ಡು ಕೈಗೆ ಕೊಡ್ತಿದ್ರಾ ಇಲ್ಲ ಜಗಲಿ ಮೇಲಿಡ್ತಿದ್ರಾ. ಗೊತ್ತಿಲ್ಲದಿದ್ರೆ ಅಮ್ಮನ್ನ ಕೇಳಿ, ನೋಡಿರ್ತಾರೆ. ಸುಗ್ಗಿ ನಡುವೆನೇ ದೀಪಾವಳಿ ಬೇರೆ ಬರುತ್ತೆ. ನೆಂಟರ ಮನೇಲಿ ಪಂಕ್ತಿಗೆ ಎಲೆ ಹಾಕಿರ್ತಾರೆ, ಸೆರಗೊಳಗೆ ಕೈ ಇಟ್ಕೊಂಡು ಊಟ ಮಾಡೋಕಾಗಲ್ಲ. ಅವತ್ತು ಅಜ್ಜಿ ಏನ್ ಮಾಡಿದ್ರು?