ಮೈಸೂರು ಜಿಲ್ಲೆಯಷ್ಟು ಜನ, ಮೂರು ಒಲಿಂಪಿಕ್ ಕಂಚು: ಲಿಥುವೇನಿಯ ಬ್ಯಾಸ್ಕೆಟ್‌ಬಾಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಲಿಥುವೇನಿಯ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಬಾಲ್ಟಿಕ್ ಸಮುದ್ರದ ದಡದ ಪುಟ್ಟ ದೇಶ, ಜನಸಂಖ್ಯೆ 29 ಲಕ್ಷದ ಆಸುಪಾಸು, ಅಂದರೆ 2011ರ ಜನಗಣತಿಯಲ್ಲಿ ನಮ್ಮ ಮೈಸೂರು ಜಿಲ್ಲೆಗಿದ್ದಷ್ಟು ಜನ, ಆದರೂ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಮೆರಿಕವನ್ನೇ ಸೋಲಿಸಿದ ದೇಶ ಅಂತ. ಇಷ್ಟಕ್ಕೇ ಪತ್ರಗಳು ಬಂದವು. ಇಷ್ಟು ಜನಕ್ಕೆ ಈ ಆಟದ ಮೇಲೆ ಆಸೆ ಇದೆ ಅಂತ ಗೊತ್ತಾಗಿ ತುಂಬ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಅಮೆರಿಕವನ್ನು ಸೋಲಿಸಿದ್ದು ನಿಜವೇ? ಅವರು ಕಾಲೇಜು ಹುಡುಗರನ್ನು ಕಳಿಸಿದ್ದರೇನೋ.
– ಓದುಗರೊಬ್ಬರು, ಹಾಸನ

ಉತ್ತರ: ನಿಜ. ಕಾಲೇಜು ಹುಡುಗರಲ್ಲ, ಎಲ್ಲರೂ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಲೀಗಿನ ಆಟಗಾರರೇ. 2023ರ ಸೆಪ್ಟೆಂಬರ್ 3, ಮನಿಲಾ, ವಿಶ್ವಕಪ್. ಲಿಥುವೇನಿಯ 110, ಅಮೆರಿಕ 104. ಅವತ್ತು ಲಿಥುವೇನಿಯದವರು ಎಸೆದ ಮೊದಲ ಒಂಬತ್ತು ಮೂರು ಪಾಯಿಂಟಿನ ಶಾಟ್‌ಗಳೂ ಒಳಗೆ ಬಿದ್ದವು. ಒಂಬತ್ತಕ್ಕೆ ಒಂಬತ್ತು! ಸುಮ್ನೆ ಅಭ್ಯಾಸಕ್ಕೆ ಎಸೆದರೂ ಒಂದೋ ಎರಡೋ ತಪ್ಪುತ್ತವೆ, ಎದುರಿಗೆ ಆರೂವರೆ ಅಡಿ ಆಳುಗಳು ಕೈ ಎತ್ತಿ ನಿಂತಿರುವಾಗ ಒಂದೂ ತಪ್ಪದೆ ಹಾಕುವುದು ಅಂದರೆ ಏನು ಅಂತ ಆಡಿದವರಿಗೆ ಗೊತ್ತು.

ನನಗೆ ಅದಕ್ಕಿಂತ ಹಿಡಿಸಿದ್ದು ಬೇರೆ. ಅಮೆರಿಕದ ಆಂಥನಿ ಎಡ್ವರ್ಡ್ಸ್ ಒಬ್ಬರೇ 35 ಅಂಕ ಹಾಕಿದರು. ಲಿಥುವೇನಿಯದಲ್ಲಿ ಎಲ್ಲರಿಗಿಂತ ಜಾಸ್ತಿ ಹಾಕಿದ ವೈದಸ್ ಕರಿನಿಯಾಸ್ಕಸ್ ಅವರದ್ದು ಬರೀ 15. ಉಳಿದದ್ದೆಲ್ಲ ಹಂಚಿಹೋಗಿತ್ತು. ಆ ದೇಶದ ಆಟ ಇರುವುದೇ ಹಾಗೆ. ಚೆಂಡು ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ.

ಇದು ಮೊದಲ ಸಲವೂ ಅಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಗುಂಪು ಹಂತದಲ್ಲೂ 94-90ರಿಂದ ಗೆದ್ದಿದ್ದರು.

ಪ್ರಶ್ನೆ: ನಾನು ಪಿ.ಟಿ. ಮೇಷ್ಟ್ರು. ಆ ಕಡೆಯ ಜನ ಹುಟ್ಟಾ ಎತ್ತರ, ನಮ್ಮ ಮಕ್ಕಳಿಗೆ ಆ ಎತ್ತರ ಎಲ್ಲಿಂದ ತರೋಣ? ಇದರಲ್ಲಿ ಕಲಿಯುವುದೇನಿದೆ?
– ಶಿಕ್ಷಕರು, ಧಾರವಾಡ

ಉತ್ತರ: ಮೇಷ್ಟ್ರೇ, ಎತ್ತರ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಲಿಥುವೇನಿಯದ ಹೆಸರಾಂತ ಆಟಗಾರ ಅರ್ವಿದಾಸ್ ಸಬೋನಿಸ್ ಏಳು ಅಡಿ ಮೂರು ಅಂಗುಲ ಇದ್ದರು. ಆದರೆ ಬರೀ ಎತ್ತರದಿಂದಲೇ ಆಗುವುದಾಗಿದ್ದರೆ ನೆದರ್ಲೆಂಡ್ಸ್‌ನವರು ಪ್ರತಿ ಸಲ ಗೆಲ್ಲಬೇಕಿತ್ತು, ಅಲ್ವಾ? ಜಗತ್ತಿನಲ್ಲೇ ಅತಿ ಎತ್ತರದ ಜನ ಅವರು. ಐದೈದು ಜನರ ಆಟದಲ್ಲಿ ಲಿಥುವೇನಿಯದ ಹತ್ತಿರಕ್ಕೂ ಅವರು ಬಂದಿಲ್ಲ.

ಎತ್ತರದ ಹುಡುಗ ಚಿಕ್ಕವನಿದ್ದಾಗಲೇ ಚೆಂಡಿನ ಹತ್ತಿರ ಬರುವ ಹಾಗೆ ದಾರಿ ಮಾಡಿದ್ದೇ ಲಿಥುವೇನಿಯದ ಗುಟ್ಟು. ದೇಶದಲ್ಲಿ ಒಳ್ಳೆಯ ಕಾಲು, ಒಳ್ಳೆಯ ಕೈ, ಒಳ್ಳೆಯ ತಲೆ ಇರುವ ಮಗು ಮೊದಲು ಹೋಗುವುದು ಬ್ಯಾಸ್ಕೆಟ್‌ಬಾಲ್‌ಗೇ. ನಮ್ಮಲ್ಲಿ ಕ್ರಿಕೆಟ್‌ಗೆ ಹೋಗುವ ಹಾಗೆ. 1992ರಲ್ಲಿ ಇನ್ನೊಬ್ಬ ದೊಡ್ಡ ಆಟಗಾರ ಶರೂನಸ್ ಮಾರ್ಚುಲಿಯೋನಿಸ್ ರಾಜಧಾನಿ ವಿಲ್ನಿಯಸ್‌ನಲ್ಲಿ ಮಕ್ಕಳ ಬ್ಯಾಸ್ಕೆಟ್‌ಬಾಲ್ ಶಾಲೆ ತೆರೆದರು. ಎರಡು ವರ್ಷಕ್ಕೆ ಕೌನಸ್ ಊರಿನಲ್ಲಿ ಸಬೋನಿಸ್ ಹೆಸರಿನ ಶಾಲೆಯೂ ಬಂತು. ನಡುವೆ 1993ರಲ್ಲಿ ದೇಶದ ಸ್ವಂತ ಲೀಗ್ ಶುರುವಾಯಿತು, ಅದರ ಹಿಂದೆ ಇದ್ದದ್ದೂ ಮಾರ್ಚುಲಿಯೋನಿಸ್ ಅವರೇ. ದೇಶ ಆಗಷ್ಟೇ ಸೋವಿಯತ್ ಒಕ್ಕೂಟದಿಂದ ಬಿಡುಗಡೆಯಾಗಿತ್ತು, ಜನರ ಕೈಯಲ್ಲಿ ದುಡ್ಡಿರಲಿಲ್ಲ, ಅಂಥ ಹೊತ್ತಿನಲ್ಲಿ ದೊಡ್ಡ ಆಟಗಾರರು ಮೊದಲು ಮಾಡಿದ ಕೆಲಸ ಮಕ್ಕಳಿಗೆ ಕಲಿಸುವ ಜಾಗ ಕಟ್ಟಿದ್ದು.

ಇನ್ನೊಂದು ಲೆಕ್ಕ ಇದೆ. ತಂಡಕ್ಕೆ ಬೇಕಾದದ್ದು 12 ಜನ. ಕೋರ್ಟಿನಲ್ಲಿ ಒಂದು ಹೊತ್ತಿಗೆ ಐದೇ ಜನ. ಪುಟ್ಟ ದೇಶಕ್ಕೆ ಇದು ವರ. ಪಕ್ಕದ ಲಾಟ್ವಿಯದಲ್ಲಿ 20 ಲಕ್ಷ ಜನವೂ ಇಲ್ಲ, ಅವರು 2023ರ ವಿಶ್ವಕಪ್‌ನಲ್ಲಿ ಐದನೇ ಸ್ಥಾನಕ್ಕೆ ಬಂದರು. ಸ್ಲೊವೇನಿಯದಲ್ಲಿ ಸುಮಾರು 21 ಲಕ್ಷ, ಅವರು 2017ರಲ್ಲಿ ಯುರೋಪಿನ ಚಾಂಪಿಯನ್. ನಿಮ್ಮ ಶಾಲೆಯಲ್ಲಿ ಹಂಬಲ ಇರುವ ಹನ್ನೆರಡು ಮಕ್ಕಳು ಸಿಕ್ಕರೂ ಸಾಕು ಮೇಷ್ಟ್ರೇ, ಶುರು ಮಾಡಿ.

ಪ್ರಶ್ನೆ: ಹಳೆಯ ಫೋಟೊ ಒಂದನ್ನು ನೋಡಿದೆ. ಒಲಿಂಪಿಕ್ ಪದಕ ಹಾಕಿಕೊಂಡ ಆಟಗಾರರು ಹೋಳಿ ಆಡಿ ಬಂದವರ ಹಾಗೆ ಬಣ್ಣ ಬಣ್ಣದ ಟಿ ಶರ್ಟ್ ಹಾಕಿದ್ದಾರೆ. ಏನದು ಕತೆ?
– ಓದುಗರು, ಮೈಸೂರು

ಉತ್ತರ: ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ.

ಸ್ವಲ್ಪ ಹಿಂದಿನಿಂದ ಬರೋಣ. 1988, ಸೋಲ್ ಒಲಿಂಪಿಕ್ಸ್. ಸೋವಿಯತ್ ಒಕ್ಕೂಟ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 82-76ರಿಂದ ಸೋಲಿಸಿ, ಫೈನಲ್‌ನಲ್ಲಿ ಯುಗೊಸ್ಲಾವಿಯವನ್ನೂ ಸೋಲಿಸಿ ಚಿನ್ನ ಗೆದ್ದಿತು. ಆ ತಂಡದ ಮುಖ್ಯ ಐವರಲ್ಲಿ ನಾಲ್ವರು ಲಿಥುವೇನಿಯದವರು: ಸಬೋನಿಸ್, ಮಾರ್ಚುಲಿಯೋನಿಸ್, ರಿಮಾಸ್ ಕುರ್ತಿನೈಟಿಸ್, ವಾಲ್ದೆಮಾರಾಸ್ ಖೋಮಿಚುಸ್. ಆದರೆ ಎದೆಯ ಮೇಲೆ ಇದ್ದದ್ದು ಬೇರೆಯವರ ಹೆಸರು. ಪದಕ ಕೊಡುವಾಗ ಏರಿದ್ದು ಬೇರೆಯವರ ಬಾವುಟ. ಜಗತ್ತು ಅವರನ್ನು ರಷ್ಯನ್ನರು ಅಂತಲೇ ಕರೆಯಿತು.

1990ರ ಮಾರ್ಚ್ 11ರಂದು ಲಿಥುವೇನಿಯ ತಾನು ಸ್ವತಂತ್ರ ಅಂತ ಘೋಷಿಸಿತು. 1991ರ ಜನವರಿಯಲ್ಲಿ ವಿಲ್ನಿಯಸ್‌ಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದವು, ಟಿ.ವಿ. ಗೋಪುರದ ಹತ್ತಿರ ಬರಿಗೈಯಲ್ಲಿ ನಿಂತ ಜನರ ಮೇಲೆ ಗುಂಡು ಹಾರಿತು, ಟ್ಯಾಂಕುಗಳು ಹರಿದವು, ಜೀವಗಳು ಹೋದವು. ಆ ಸೆಪ್ಟೆಂಬರ್‌ನಲ್ಲಿ ಮಾಸ್ಕೋ ಕೊನೆಗೂ ಒಪ್ಪಿಕೊಂಡಿತು. ಮರುವರ್ಷವೇ ಬಾರ್ಸಿಲೋನ ಒಲಿಂಪಿಕ್ಸ್. ಆಟಗಾರರು ಇದ್ದರು, ತಂಡ ಕಳಿಸಲು ದುಡ್ಡಿರಲಿಲ್ಲ.

ಮಾರ್ಚುಲಿಯೋನಿಸ್ ಆಗ ಅಮೆರಿಕದ ಗೋಲ್ಡನ್ ಸ್ಟೇಟ್ ತಂಡದಲ್ಲಿದ್ದರು. ಅಲ್ಲಿನ ಸಹಾಯಕ ಕೋಚ್ ಡಾನಿ ನೆಲ್ಸನ್ ಅವರ ಗೆಳೆಯ. ಇಬ್ಬರೂ ಸೇರಿ ಚಂದಾ ಎತ್ತಲು ಹೊರಟರು. ಸುದ್ದಿ ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಯಲ್ಲಿ ಬಂತು. ಅದು ಗ್ರೇಟ್‌ಫುಲ್ ಡೆಡ್ ಅನ್ನುವ ಅಲ್ಲಿನ ಹೆಸರಾಂತ ರಾಕ್ ಬ್ಯಾಂಡ್‌ನವರಿಗೆ ಮುಟ್ಟಿತು. ಅವರು ದುಡ್ಡೂ ಕೊಟ್ಟರು, ಜೊತೆಗೆ ಲಿಥುವೇನಿಯ ಬಾವುಟದ ಹಳದಿ, ಹಸಿರು, ಕೆಂಪಿನಲ್ಲಿ ಗಂಟುಕಟ್ಟಿ ಬಣ್ಣ ಹಾಕಿದ ಟಿ ಶರ್ಟುಗಳನ್ನೂ ಕಳಿಸಿದರು. ಎದೆಯ ಮೇಲೆ ಚೆಂಡನ್ನು ರಿಂಗಿಗೆ ತುರುಕುತ್ತಿರುವ ಅಸ್ಥಿಪಂಜರದ ಚಿತ್ರ. ನೀವು ನೋಡಿದ್ದು ಅದನ್ನೇ.

ಬಾರ್ಸಿಲೋನದಲ್ಲಿ ಸೆಮಿಫೈನಲ್‌ಗೆ ಬಂದರು. ಎದುರಿಗೆ ಮೈಕೆಲ್ ಜೋರ್ಡನ್, ಮ್ಯಾಜಿಕ್ ಜಾನ್ಸನ್ ಇದ್ದ ಅಮೆರಿಕ. 127-76ರಿಂದ ಸೋತರು. ಆದರೆ ಅವರು ಕಾಯುತ್ತಿದ್ದ ಪಂದ್ಯ ಅದಲ್ಲ. ಕಂಚಿನ ಪಂದ್ಯದಲ್ಲಿ ಎದುರಾದವರು ಯಾರು ಗೊತ್ತೇ? ಒಡೆದುಹೋದ ಸೋವಿಯತ್ ಒಕ್ಕೂಟದ ಬಹುತೇಕ ಗಣರಾಜ್ಯಗಳು ಸೇರಿ ಕಳಿಸಿದ ತಂಡ. ನಾಲ್ಕು ವರ್ಷದ ಹಿಂದೆ ಒಂದೇ ಜೆರ್ಸಿ ಹಾಕಿದ್ದ ಜೊತೆಗಾರರೇ ಈಗ ಆಚೆ ಕಡೆ. ಗುಂಪು ಹಂತದಲ್ಲಿ ಇದೇ ತಂಡದ ಎದುರು ಲಿಥುವೇನಿಯ ಸೋತಿತ್ತು. ಅವತ್ತು, ಆಗಸ್ಟ್ 8, ಕೊನೆಯವರೆಗೂ ಹಗ್ಗಜಗ್ಗಾಟ. 82-78. ಮಾರ್ಚುಲಿಯೋನಿಸ್ 29, ಸಬೋನಿಸ್ 27. ಅಂದರೆ 82ರಲ್ಲಿ 56 ಅಂಕ ಆ ಇಬ್ಬರದ್ದೇ. ಚೆಂಡು ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ ಅಂತ ಮೇಲೆ ಬರೆದೆನಲ್ಲ, ಆ ದಿನ ಮಾತ್ರ ಈ ಇಬ್ಬರೂ ಇಡೀ ದೇಶವನ್ನು ಹೆಗಲ ಮೇಲೆ ಹೊತ್ತಿದ್ದರು.

ಪದಕದ ವೇದಿಕೆಗೆ ಎಲ್ಲರೂ ಆ ಬಣ್ಣದ ಟಿ ಶರ್ಟಿನಲ್ಲೇ ಬಂದರು. ಮೂರನೇ ಮೆಟ್ಟಿಲು. ಆದರೆ ಏರಿದ್ದು ತಮ್ಮದೇ ಬಾವುಟ. ಸೋಲ್‌ನ ಚಿನ್ನಕ್ಕಿಂತ ಈ ಕಂಚೇ ದೊಡ್ಡದು ಅಂತ ಆ ಆಟಗಾರರು ಆಮೇಲೆ ಹೇಳಿದ್ದರಲ್ಲಿ ನನಗೆ ಆಶ್ಚರ್ಯವೇ ಇಲ್ಲ.

ಪ್ರಶ್ನೆ: ಹಾಗಾದರೆ ಆಟ ಕಲಿಸಿದ್ದು ಸೋವಿಯತ್ ಕೋಚ್‌ಗಳು ಅಂತಾಯಿತು. ಅಲ್ವಾ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಅಲ್ಲ. ಅದಕ್ಕೂ ಮೊದಲೇ ಎರಡು ಸಲ ಯುರೋಪಿನ ಚಾಂಪಿಯನ್ ಆಗಿದ್ದರು. 1937ರಲ್ಲಿ ರೀಗಾದಲ್ಲಿ ಇಟಲಿಯನ್ನು 24-23ರಿಂದ ಸೋಲಿಸಿ, 1939ರಲ್ಲಿ ತಮ್ಮ ಕೌನಸ್‌ನಲ್ಲೇ. ಎರಡನೆಯದಕ್ಕಾಗಿ ಕೌನಸ್‌ನಲ್ಲಿ ಒಂದು ಒಳಾಂಗಣವನ್ನೇ ಕಟ್ಟಿದರು.

ಕಲಿಸಿದವರು ವಲಸೆ ಹೋದವರ ಮಕ್ಕಳು. ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಫ್ರಾಂಕ್ ಲೂಬಿನ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಆಡಿ ಚಿನ್ನ ಗೆದ್ದವರು. ಅಪ್ಪ ಅಮ್ಮನ ನಾಡಿಗೆ ಬಂದರು, ಪ್ರಾನಸ್ ಲೂಬಿನಸ್ ಆದರು, ಆಡಿದರು, ಆಡಿಸಿದರು. ಅವರನ್ನು ಲಿಥುವೇನಿಯ ಬ್ಯಾಸ್ಕೆಟ್‌ಬಾಲ್‌ನ ಅಜ್ಜ ಅಂತ ಪ್ರೀತಿಯಿಂದ ಕರೆಯುತ್ತಾರೆ. 1940ರಲ್ಲಿ ಸೋವಿಯತ್ ಸೇನೆ ಬಂತು, ದೇಶದ ತಂಡ ಅಲ್ಲಿಗೆ ಮುಗಿಯಿತು. ಆಟ ಮುಗಿಯಲಿಲ್ಲ. 1947ರಲ್ಲಿ ಸೋವಿಯತ್ ಒಕ್ಕೂಟ ಯುರೋಪ್ ಚಾಂಪಿಯನ್ ಆದಾಗ ಆ ತಂಡದಲ್ಲೂ ಲಿಥುವೇನಿಯದ ಆಟಗಾರರಿದ್ದರು. ಮಾಸ್ಕೋ ಇವರಿಗೆ ಕಲಿಸಿತು ಅನ್ನುವುದಕ್ಕಿಂತ ಇವರಿಂದ ಮಾಸ್ಕೋ ಪಡೆಯಿತು ಅನ್ನುವುದೇ ಸರಿ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಝಾಲ್ಗಿರಿಸ್ ಅಂದರೆ ಏನು?
– ಓದುಗರು, ಶಿವಮೊಗ್ಗ

ಉತ್ತರ: ಕೌನಸ್‌ನ ಕ್ಲಬ್ಬು. ಹೆಸರು 1410ರ ಒಂದು ಯುದ್ಧದ್ದು, ಪೋಲೆಂಡ್ ಮತ್ತು ಲಿಥುವೇನಿಯ ಸೇರಿ ಜರ್ಮನ್ ಧರ್ಮಯೋಧರ ಸೇನೆಯನ್ನು ಸೋಲಿಸಿದ ಯುದ್ಧ. 1985, 86, 87ರಲ್ಲಿ ಸತತ ಮೂರು ಸಲ ಝಾಲ್ಗಿರಿಸ್ ಸೋವಿಯತ್ ಲೀಗ್ ಗೆದ್ದಿತು. ಎದುರಾಳಿ ಮಾಸ್ಕೋದ ಸೇನಾ ಕ್ಲಬ್ಬು. ಬೀದಿಯಲ್ಲಿ ಬಾವುಟ ಹಿಡಿಯಲು ಆಗದ ಕಾಲದಲ್ಲಿ ಜನ ಬಾಯ್ತುಂಬ ಕೂಗಲು ಸಿಕ್ಕ ಹೆಸರು ಅದು.

ಪ್ರಶ್ನೆ: ಇಷ್ಟು ಚೆನ್ನಾಗಿ ಆಡುವವರು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಾಣಲೇ ಇಲ್ಲವಲ್ಲ?
– ಓದುಗರು, ಬೆಂಗಳೂರು

ಉತ್ತರ: ಇದು ನನಗೂ ಹೊಟ್ಟೆ ಉರಿಸುವ ವಿಷಯ. ಒಲಿಂಪಿಕ್ಸ್‌ಗೆ ಹೋಗುವುದು ಬರೀ 12 ತಂಡ. ಆತಿಥೇಯರಿಗೆ ಒಂದು ಸ್ಥಾನ, ವಿಶ್ವಕಪ್‌ನಿಂದ ಏಳು, ಉಳಿದ ನಾಲ್ಕಕ್ಕೆ ಬೇರೆ ಅರ್ಹತಾ ಟೂರ್ನಿಗಳು. ಆ ಏಳರಲ್ಲಿ ಇಡೀ ಯುರೋಪಿಗೆ ಎರಡೇ. ಮನಿಲಾದಲ್ಲಿ ಅಮೆರಿಕವನ್ನು ಮಣಿಸಿದ ಎರಡೇ ದಿನಕ್ಕೆ ಕ್ವಾರ್ಟರ್‌ಫೈನಲ್‌ನಲ್ಲಿ ಸರ್ಬಿಯ ಎದುರು 87-68ರಿಂದ ಸೋತರು. ಎರಡು ಸ್ಥಾನ ಜರ್ಮನಿಗೂ ಸರ್ಬಿಯಕ್ಕೂ ಹೋದವು. 2024ರ ಜುಲೈನಲ್ಲಿ ಕೊನೆಯ ಅವಕಾಶ, ಪೋರ್ಟೊ ರಿಕೊದವರ ಎದುರು ಅವರದ್ದೇ ಊರಿನಲ್ಲಿ. 79-68, ಅಲ್ಲೂ ಸೋಲು. ಟೋಕಿಯೊಗೂ ಹೋಗಿರಲಿಲ್ಲ, ಆಗ ಕೌನಸ್‌ನಲ್ಲೇ, ಸ್ವಂತ ಜನರ ಮುಂದೆ, ಸ್ಲೊವೇನಿಯದ ಲೂಕಾ ಡೊಂಚಿಚ್ ಆಟ ಕಸಿದುಕೊಂಡರು.

1992ರಿಂದ 2016ರವರೆಗೆ ಒಂದೂ ಒಲಿಂಪಿಕ್ಸ್ ತಪ್ಪಿಸದ ತಂಡ ಇದು. ಬಾರ್ಸಿಲೋನ, ಅಟ್ಲಾಂಟ, ಸಿಡ್ನಿ, ಮೂರರಲ್ಲೂ ಕಂಚು. ಅವರಿಲ್ಲದ ಒಲಿಂಪಿಕ್ ಬ್ಯಾಸ್ಕೆಟ್‌ಬಾಲ್ ನನಗೆ ಒಗ್ಗರಣೆ ಇಲ್ಲದ ಸಾರಿನ ಹಾಗೆ. ಪ್ಯಾರಿಸ್‌ನಲ್ಲಿ ಮೂರು ಮೂರು ಜನರ ಆಟದಲ್ಲಿ ಮಾತ್ರ ಲಾಟ್ವಿಯವನ್ನು ಸೋಲಿಸಿ ಕಂಚು ತಂದರು. ಅಷ್ಟು ಸಮಾಧಾನ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು, ಸ್ಕೂಲ್ ಟೀಮಿನಲ್ಲಿದ್ದೇನೆ. ಹುಡುಗಿಯರ ಬಗ್ಗೆಯೂ ಬರೆಯಿರಿ ಸರ್. ನಮ್ಮವರು ಯಾವಾಗಲಾದರೂ ಗೆದ್ದಿದ್ದಾರಾ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಖಂಡಿತ ಪುಟ್ಟಿ. ಲಿಥುವೇನಿಯದ ಮಹಿಳೆಯರು 1938ರಲ್ಲೇ ಯುರೋಪಿನಲ್ಲಿ ಎರಡನೇ ಸ್ಥಾನ ಪಡೆದಿದ್ದರು, 1997ರಲ್ಲಿ ಚಾಂಪಿಯನ್ನೇ ಆದರು. ಇನ್ನು ನಮ್ಮವರ ವಿಷಯ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದದ್ದು ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ. ಭಾರತ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿತು. ಎರಡೇ ಅಂಕ! ಬರೀ ಎರಡು ಅಂಕದಲ್ಲಿ ಒಂದು ತಂಡದ ದಾರಿಯೇ ಬದಲಾಗುತ್ತದೆ ನೋಡು, ಅದಕ್ಕೇ ಫ್ರೀ ಥ್ರೋ ಅಭ್ಯಾಸ ಬಿಡಬೇಡ.

ಪ್ರಶ್ನೆ: ಮಗನ ಜೊತೆ ಕೂತು ಒಂದೇ ಒಂದು ಹಳೆಯ ಪಂದ್ಯ ನೋಡಬೇಕು. ಯಾವುದು ಹೇಳುತ್ತೀರಿ?
– ಓದುಗರು, ಕಲಬುರಗಿ

ಉತ್ತರ: ಎಲ್ಲರೂ 1992 ಅನ್ನುತ್ತಾರೆ. ನಾನು ಸೋತ ಪಂದ್ಯ ಹೇಳುತ್ತೇನೆ. 2000, ಸಿಡ್ನಿ, ಸೆಮಿಫೈನಲ್. ಎನ್‌ಬಿಎ ಆಟಗಾರರನ್ನು ಕಳಿಸಲು ಶುರು ಮಾಡಿದ ಮೇಲೆ ಅಮೆರಿಕ ಒಲಿಂಪಿಕ್ಸ್‌ನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ಇತ್ತ ಸಬೋನಿಸ್ ಇಲ್ಲ, ಮಾರ್ಚುಲಿಯೋನಿಸ್ ಇಲ್ಲ. ಶರೂನಸ್ ಯಾಸಿಕೆವಿಚುಸ್ ಅನ್ನುವ 24 ವರ್ಷದ ಹುಡುಗ ಇದ್ದ, ಅಮೆರಿಕದ ಕಾಲೇಜಿನಲ್ಲಿ ಆಡಿದ್ದರೂ ಎನ್‌ಬಿಎಯ ಯಾವ ತಂಡವೂ ಆರಿಸಿಕೊಳ್ಳದ ಹುಡುಗ. ಅವತ್ತು 27 ಅಂಕ ಹಾಕಿದ. ಕೊನೆಗೆ 85-83, ಲಿಥುವೇನಿಯ ಎರಡು ಅಂಕ ಹಿಂದೆ. ಗಡಿಯಾರ ಮುಗಿಯುತ್ತಿದೆ, ಚೆಂಡು ಅವನ ಕೈಯಲ್ಲಿ, ದೂರದಿಂದ ಮೂರು ಪಾಯಿಂಟಿಗೆ ಎಸೆದ. ಬೀಳಲಿಲ್ಲ.

ಆಮೇಲೆ ಆತಿಥೇಯ ಆಸ್ಟ್ರೇಲಿಯವನ್ನು 89-71ರಿಂದ ಸೋಲಿಸಿ ಕಂಚು ತಂದರು. 2003ರಲ್ಲಿ ಸ್ಪೇನ್ ಅನ್ನು ಸೋಲಿಸಿ 64 ವರ್ಷದ ನಂತರ ಮತ್ತೆ ಯುರೋಪಿನ ಚಾಂಪಿಯನ್ ಆದರು, ಟೂರ್ನಿಯ ಶ್ರೇಷ್ಠ ಆಟಗಾರ ಯಾಸಿಕೆವಿಚುಸ್. ಇಷ್ಟು ಹೇಳಿದ ಮೇಲೆ ಮಗ ಇನ್ನೊಂದು ಪಂದ್ಯ ನೋಡೋಣ ಅಂದರೆ, ಮೊದಲ ಉತ್ತರದಲ್ಲಿ ಹೇಳಿದ 2004ರ ಅಥೆನ್ಸ್ ಪಂದ್ಯ ಹಾಕಿ. ಎದುರಿಗೆ ಮತ್ತೆ ಅಮೆರಿಕ, ಮತ್ತೆ ಕೊನೆಯ ನಿಮಿಷಗಳು, ಮತ್ತೆ ಚೆಂಡು ಅದೇ ಯಾಸಿಕೆವಿಚುಸ್ ಕೈಯಲ್ಲಿ. ಈ ಸಲ ಬಿತ್ತು.