ಓದುಗರ ಪ್ರಶ್ನೆ, ನಮ್ಮ ಉತ್ತರ: ಯೋಧ ತಂದೆಯ ನೆನಪು ಬರೆದಿಡುವ ಬಗೆ

ಪ್ರಶ್ನೆ: ನಮ್ಮ ತಂದೆ 17 ವರ್ಷ ಸೇನೆಯಲ್ಲಿದ್ದು, ಆಮೇಲೆ 24 ವರ್ಷ ಒಂದು ವರ್ಕ್‌ಶಾಪ್‌ನಲ್ಲಿ ದುಡಿದರು. ಕಳೆದ ವರ್ಷ ತೀರಿಕೊಂಡರು. ಅವರ ಬಗ್ಗೆ ಒಂದು ಕಿರುಪುಸ್ತಿಕೆ ತರಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಬರೆಯಲು ಕೂರುವ ಮೊದಲು ಒಂದು ಕಾಲಪಟ್ಟಿ ಮಾಡಿಕೊಳ್ಳಿ. ಹಾಳೆಯಲ್ಲಿ ನಾಲ್ಕು ಕಾಲಂ ಇರಲಿ: ಇಸವಿ, ಊರು, ನಡೆದದ್ದು, ಅದನ್ನು ಹೇಳಿದವರು ಯಾರು ಅಥವಾ ಯಾವ ಕಾಗದದಲ್ಲಿದೆ. ಈ ಕೊನೆಯ ಕಾಲಂ ಬಿಟ್ಟವರು ಆಮೇಲೆ ಪರದಾಡುತ್ತಾರೆ, ಏಕೆಂದರೆ ಒಂದೇ ಸಂಗತಿಗೆ ಮೂವರು ಮೂರು ಇಸವಿ ಹೇಳುವುದು ಖಂಡಿತ. ಸೇನೆಯಿಂದ ಹೊರಬಂದಾಗ ಕೊಟ್ಟ ಬಿಡುಗಡೆ ಪತ್ರ, ವರ್ಗಾವಣೆ ಆದೇಶ, ಪಿಂಚಣಿ ಕಾಗದ, ಹಳೆಯ ಪತ್ರಗಳ ಮೇಲಿನ ಅಂಚೆ ಮುದ್ರೆ, ಇವೆಲ್ಲ ನೆನಪಿಗಿಂತ ಗಟ್ಟಿ. ಹಾಗೆಂದು ಕಾಗದವನ್ನೂ ಕಣ್ಣುಮುಚ್ಚಿ ನಂಬಬೇಡಿ. ಸೇನೆಗೆ ಸೇರಲು ವಯಸ್ಸು ಹೆಚ್ಚುಕಡಿಮೆ ಹೇಳಿದವರು ಎಲ್ಲ ಕಾಲದಲ್ಲೂ ಇದ್ದರು. ಎರಡು ಜನ್ಮದಿನಾಂಕ ಸಿಕ್ಕರೆ ಎರಡರ ಇಸವಿಯನ್ನೂ ಕೊಟ್ಟು, ಯಾವುದು ಎಲ್ಲಿಂದ ಬಂತೆಂದು ಒಂದು ಸಾಲು ಬರೆಯಿರಿ.

ಬಾಯಿಮಾತಿನಲ್ಲಿ ಹೆಚ್ಚಾಗಿ ಎಡವುವುದು ಎರಡು ಕಡೆ. ಬೇರೆಬೇರೆ ಎರಡು ಪೋಸ್ಟಿಂಗ್‌ಗಳು ನೆನಪಿನಲ್ಲಿ ಒಂದಾಗಿಬಿಡುತ್ತವೆ. ಇನ್ನೊಂದು ಹುದ್ದೆ: ಸಿಪಾಯಿಯಾಗಿ ನಿವೃತ್ತರಾದವರು ಮೊಮ್ಮಕ್ಕಳ ಬಾಯಲ್ಲಿ ಆಫೀಸರ್ ಆಗಿರುತ್ತಾರೆ. ಅವರ ಜೊತೆಗಿದ್ದವರೊಬ್ಬರು ಪುಸ್ತಿಕೆ ಓದಿದರೆ ಮೊದಲು ಕಣ್ಣಿಗೆ ಬೀಳುವುದೇ ಇದು. ಆಮೇಲೆ ಉಳಿದದ್ದನ್ನೂ ಅವರು ನಂಬುವುದಿಲ್ಲ.

ಕಾಲಪಟ್ಟಿ ಮುಗಿದ ಮೇಲೆ ಜನರನ್ನು ಕಾಣಿ. ವಯಸ್ಸಾದವರಿಂದ ಶುರು ಮಾಡಿ. ‘ಅಪ್ಪ ಹೇಗಿದ್ದರು?’ ಎಂದು ಕೇಳಿದರೆ ‘ದೇವರಂಥ ಮನುಷ್ಯ’ ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕೇಳುವುದಾದರೆ ಹೀಗೆ ಕೇಳಿ: ಬೆಳಗಿನ ಪಾಳಿಗೆ ಎಷ್ಟು ಹೊತ್ತಿಗೆ ಬರುತ್ತಿದ್ದರು? ಬೇರೆಯವರು ಕೈಬಿಟ್ಟ ಯಾವ ಕೆಲಸವನ್ನು ಅವರಿಗೆ ಕೊಡುತ್ತಿದ್ದರು? ಅವರ ಸ್ಪ್ಯಾನರ್ ಸೆಟ್ಟನ್ನು ಯಾರಾದರೂ ಮುಟ್ಟಿದರೆ ಏನನ್ನುತ್ತಿದ್ದರು? ಮನೆಯವರನ್ನು ಕೇಳಿ: ಸಂಬಳದ ಕವರ್ ಯಾರ ಕೈಗೆ ಹೋಗುತ್ತಿತ್ತು? ಶಾಲೆಯ ಫೀಸು ಕಟ್ಟುವ ತಿಂಗಳು ಓವರ್‌ಟೈಮ್ ಮಾಡುತ್ತಿದ್ದರೆ? ‘ಕುಟುಂಬವತ್ಸಲ’ ಎಂಬ ವಿಶೇಷಣ ಹಾಕುವ ಬದಲು ಇಂಥ ಎರಡು ಉತ್ತರ ಹಾಕಿದರೆ ಸಾಕು.

ಪುಟ ಹಂಚುವಾಗ ಸೇನೆಯ ವರ್ಷಗಳೇ ಎಲ್ಲವನ್ನೂ ನುಂಗದಿರಲಿ. ನಡುವೆ ಪಿನ್ ಹೊಡೆಯುವ ಪುಸ್ತಿಕೆಗೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. 16 ಪುಟವಾದರೆ ಸೇನೆಗೆ ನಾಲ್ಕು, ವರ್ಕ್‌ಶಾಪ್‌ಗೆ ನಾಲ್ಕು, ಮನೆಗೆ ಐದು, ಉಳಿದದ್ದು ಬಾಲ್ಯಕ್ಕೂ ಕಾಲಪಟ್ಟಿಗೂ ಎಂದಿಟ್ಟುಕೊಳ್ಳಿ. 24 ವರ್ಷದ ದುಡಿಮೆಯನ್ನು ‘ಆಮೇಲೆ ಖಾಸಗಿ ಕೆಲಸದಲ್ಲಿದ್ದರು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ ಪುಸ್ತಿಕೆಗಳೇ ಹೆಚ್ಚು.

ಪ್ರಶ್ನೆ: ಅಜ್ಜನ ಬಿಡುಗಡೆ ಪತ್ರ ಮಡಿಕೆಯಲ್ಲಿ ಹರಿಯುತ್ತಿದೆ. ಲ್ಯಾಮಿನೇಟ್ ಮಾಡಿಸಲೇ?

ಉತ್ತರ: ಬೇಡವೇ ಬೇಡ. ಲ್ಯಾಮಿನೇಶನ್ನಿನ ಬಿಸಿಯೂ ಅಂಟೂ ಕಾಗದದೊಳಕ್ಕೆ ಇಳಿಯುತ್ತವೆ, ಮತ್ತೆ ಬಿಡಿಸಲಾಗುವುದಿಲ್ಲ. ಸೆಲೋಟೇಪ್ ಕೂಡ ಹಾಗೆಯೇ: ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಕಲೆ ಬಿಟ್ಟು ಕಳಚಿಕೊಳ್ಳುತ್ತದೆ. ಮಡಿಕೆ ಬಿಚ್ಚಿ ಚಪ್ಪಟೆಯಾಗಿ ಇಡಿ, ಎರಡೂ ಬದಿ ಸ್ಕ್ಯಾನ್ ಮಾಡಿ, ಮೂಲವನ್ನು ಪಾಲಿಯೆಸ್ಟರ್ ಹಾಳೆಯ ಪಾರದರ್ಶಕ ಹೊದಿಕೆಯಲ್ಲಿ ಇಡಿ. ಮೂಗಿಗೆ ಘಾಟು ಹೊಡೆಯುವ ಮೆತ್ತನೆಯ ಪಿವಿಸಿ ಕವರ್ ಅಕ್ಷರಗಳ ಶಾಯಿಯನ್ನೇ ಎಳೆದುಕೊಳ್ಳುತ್ತದೆ.

ಸರ್ಕಾರದ ಬಳಿ ಪ್ರತಿ ಇದ್ದೇ ಇರುತ್ತದೆಂಬ ಧೈರ್ಯವೂ ಬೇಡ. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ 1.6ರಿಂದ 1.8 ಕೋಟಿ ಸೈನಿಕರ ಕಡತಗಳು ಹೋದವು. 1940ರಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬಿಗೆ ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ದಾಖಲೆಗಳಲ್ಲಿ ಅರ್ಧಕ್ಕೂ ಹೆಚ್ಚು ಸುಟ್ಟುಹೋದವು. ಅಂಥವರ ಮನೆಗಳಲ್ಲಿ ಪೆಟ್ಟಿಗೆಯ ತಳದ ಕಾಗದವೇ ಉಳಿದ ಸಾಕ್ಷಿ. ಅದರಲ್ಲಿರುವ ಸೇವಾ ಸಂಖ್ಯೆಯನ್ನು ಬೇರೆ ಕಡೆಯೂ ಬರೆದಿಡಿ. ಅದೇ ಹೆಸರಿನವರು ಇನ್ನೂ ಹಲವರಿರುತ್ತಾರೆ, ಸಂಖ್ಯೆಯಿದ್ದರೆ ಅವರನ್ನು ಗುರುತಿಸುವುದು ಸುಲಭ.

ಪ್ರಶ್ನೆ: ಪದಕಗಳು ಕಪ್ಪಾಗಿವೆ. ಸ್ಮರಣೆಯ ದಿನ ಫ್ರೇಮ್ ಹಾಕಿಸಿ ಇಡೋಣವೆಂದರೆ ಪಾಲಿಶ್ ಮಾಡಿಸಿ ಎನ್ನುತ್ತಾರೆ.

ಉತ್ತರ: ಪಾಲಿಶ್ ಮಾಡಿದಷ್ಟು ಸಲ ಲೋಹದ ಮೇಲ್ಪದರ ಹೋಗುತ್ತದೆ. ಉಬ್ಬುಚಿತ್ರದ ಮೂಗು-ಕಣ್ಣು ಮೊದಲು ಸವೆಯುತ್ತವೆ. ಕೆಲವು ಪದಕಗಳ ಅಂಚಿನಲ್ಲಿ ಸೈನಿಕನ ಹೆಸರು, ಸಂಖ್ಯೆ ಕೊರೆದಿರುತ್ತದೆ. ಭೂತಗನ್ನಡಿ ಹಿಡಿದು ಮೊದಲು ಅದನ್ನು ಓದಿ ಬರೆದುಕೊಳ್ಳಿ. ಒಣ ಹತ್ತಿಬಟ್ಟೆಯಿಂದ ಧೂಳು ಒರೆಸಿದರೆ ಸಾಕು, ಹಿಡಿಯುವಾಗ ಕೈಗವಸು ಹಾಕಿ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಉಣ್ಣೆಯ ಫೆಲ್ಟ್ ಬಟ್ಟೆ, ರಬ್ಬರ್ ಬ್ಯಾಂಡ್ ಎರಡರಲ್ಲೂ ಗಂಧಕವಿದೆ, ಆದ್ದರಿಂದ ಫ್ರೇಮಿನೊಳಗೆ ಅವು ಬೇಡ. ರಿಬ್ಬನ್ ಬಿಸಿಲಿಗೆ ಬೇಗ ಬಣ್ಣ ಕಳೆದುಕೊಳ್ಳುತ್ತದೆ. ನಮ್ಮ ಸಲಹೆ: ಗೋಡೆಗೆ ಪ್ರತಿಕೃತಿ, ಮೂಲ ಪದಕ ಪೆಟ್ಟಿಗೆಯಲ್ಲಿ.

ಪ್ರಶ್ನೆ: ಅಂಟುಪುಟದ ಆಲ್ಬಮ್ಮಿನಿಂದ ಫೋಟೊಗಳು ಬಿಡುತ್ತಿಲ್ಲ.

ಉತ್ತರ: ಎಳೆಯುವ ಮೊದಲು ಇಡೀ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಹಲ್ಲು ಶುಚಿಗೊಳಿಸುವ ಫ್ಲಾಸ್ ದಾರವನ್ನು ಚಿತ್ರದ ಹಿಂದೆ ತೂರಿಸಿ, ಗರಗಸದಂತೆ ನಿಧಾನವಾಗಿ ಆಡಿಸಿ. ಆಗಲೂ ಬಿಡದಿದ್ದರೆ ಹಾಗೇ ಬಿಟ್ಟು, ಪುಟದ ಮೇಲೆಯೇ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆಗಳ ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿ. ಹಿಂಬದಿಯಲ್ಲಿ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ತುಕಡಿಯ ಗುಂಪುಚಿತ್ರವಿದ್ದರೆ ಹುದ್ದೆ ತೋರುವ ತೋಳಿನ ಪಟ್ಟಿಗಳನ್ನು ಎಣಿಸಿ. ಬಡ್ತಿಯ ಇಸವಿ ಗೊತ್ತಿದ್ದರೆ ಚಿತ್ರದ ಕಾಲವೂ ಸಿಗುತ್ತದೆ.

ಪ್ರಶ್ನೆ: ಸಮವಸ್ತ್ರಕ್ಕೆ ಹುಳು ಹಿಡಿದಿದೆ.

ಉತ್ತರ: ಉಣ್ಣೆಯದಾದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬೇಡಿ, ಒಂದು ದಿನ ಬಿಡಿ, ಇಲ್ಲದಿದ್ದರೆ ಬಟ್ಟೆ ಬೆವರುತ್ತದೆ. ಎರಡು ಬಗೆಯ ನುಸಿಗುಳಿಗೆ ಒಟ್ಟಿಗೆ ಹಾಕಬೇಡಿ. ನ್ಯಾಫ್ತಲೀನ್ ಮತ್ತು ಪ್ಯಾರಾಡೈಕ್ಲೋರೋಬೆಂಜೀನ್ ತಾಗಿದರೆ ಕರಗಿ ಬಟ್ಟೆಗೆ ಕಲೆ ಮಾಡುತ್ತವೆ.

ಪ್ರಶ್ನೆ: ತಂದೆ ಯುದ್ಧದ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಆ ಭಾಗದಲ್ಲಿ ಏನು ಬರೆಯಲಿ?

ಉತ್ತರ: ಆಡುತ್ತಿರಲಿಲ್ಲ ಎಂದೇ ಬರೆಯಿರಿ. ತುಕಡಿಯ ಹೆಸರು, ಅದು ಆ ಇಸವಿಯಲ್ಲಿ ಎಲ್ಲಿತ್ತು ಎಂಬುದು ದಾಖಲೆಯಲ್ಲಿ ಸಿಕ್ಕರೆ ಅಷ್ಟನ್ನು ಕೊಡಿ. ತುಕಡಿ ಮಾಡಿದ್ದನ್ನೆಲ್ಲ ತಂದೆಯೇ ಮಾಡಿದರೆಂದು ಬರೆಯಬೇಡಿ. ಸಂಭಾಷಣೆ ಕಲ್ಪಿಸುವುದಂತೂ ಬೇಡ. ಮನೆಯವರು ಕಣ್ಣಾರೆ ಕಂಡದ್ದನ್ನು ಸೇರಿಸಬಹುದು: ಪಟಾಕಿ ಸದ್ದಿಗೆ ಎದ್ದು ಒಳಗೆ ಹೋಗುತ್ತಿದ್ದರೆ ಅದನ್ನು ಹಾಗೆಯೇ ಬರೆಯಿರಿ, ಕಾರಣ ಊಹಿಸಬೇಡಿ. ಇನ್ನೊಂದು ಮಾತು: ಪೂರ್ಣ ಜನ್ಮದಿನಾಂಕ, ಪಿಂಚಣಿ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಕಾಣುವ ಪುಟವನ್ನು ಪುಸ್ತಿಕೆಯಲ್ಲಿ ಅಚ್ಚುಹಾಕಿಸಬೇಡಿ. ತೀರಿಕೊಂಡವರ ಹೆಸರಿನಲ್ಲಿ ಸಾಲ ಎತ್ತುವ ವಂಚಕರಿಗೆ ಅಷ್ಟೇ ಸಾಕು.