ಬೆಂಗಳೂರಿನ ಆ ಒಂದು ವರ್ಷವನ್ನು ಮುಚ್ಚಿಡಬೇಡಿ

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನನಗೆ ಇದೇ ಪ್ರಶ್ನೆಗಳು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅಂದರೆ ಯುಸಿಗೆ, ಸೇರಬೇಕು ಅಂದುಕೊಂಡಿರುವ ಮಕ್ಕಳನ್ನು ಬೇಸಿಗೆಯಲ್ಲಿ ಕ್ಯಾಂಪಸ್ಸಿಗೆ ಕರೆಸುವ ಕಾರ್ಯಕ್ರಮಗಳಿವೆ. ಯುಸಿಯ ಲಾಸ್ ಏಂಜಲೀಸ್ ಕ್ಯಾಂಪಸ್ಸಾದ ಯುಸಿಎಲ್‌ಎಯಲ್ಲಿ ಸೆಂಟರ್ ಫಾರ್ ಕಮ್ಯುನಿಟಿ ಕಾಲೇಜ್ ಪಾರ್ಟ್‌ನರ್‌ಶಿಪ್ಸ್ ಇಂಥವನ್ನು ನಡೆಸುತ್ತದೆ. ಮಕ್ಕಳು ಕೆಲವು ದಿನ ಅಲ್ಲಿದ್ದು, ಕೌನ್ಸೆಲರ್‌ಗಳ ಜೊತೆ, ಈಗಾಗಲೇ ಟ್ರಾನ್ಸ್‌ಫರ್ ಆಗಿ ಓದುತ್ತಿರುವವರ ಜೊತೆ ಕೂತು ಮಾತಾಡುತ್ತಾರೆ. ನಾನು ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಕೌನ್ಸೆಲರ್ ಆಗಿದ್ದೆ. ಫ್ರೀಮಾಂಟ್, ಸನಿವೇಲ್, ಕ್ಯುಪರ್ಟಿನೋ ಕಡೆಯ ಕನ್ನಡದ ಮನೆಗಳಿಂದ ಬರುವ ಪತ್ರಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ. ಯೂನಿಟ್ ಅಂದರೇನು, ಜಿಪಿಎ ಅಂದರೇನು ಅನ್ನುವುದನ್ನೆಲ್ಲ ಬಿಡುತ್ತೇನೆ. ಒಂದು ವರ್ಷ ಕಾಲೇಜಿಗೆ ಹೋದವರಿಗೆ ಅದು ಗೊತ್ತಿರಲೇಬೇಕು.

ಪ್ರಶ್ನೆ: ಸಮ್ಮರ್ ಪ್ರೋಗ್ರಾಮ್‌ಗೆ ಸೆಲೆಕ್ಟ್ ಆದರೆ ಅಡ್ಮಿಷನ್ ಗ್ಯಾರಂಟಿ ಅಲ್ವಾ?

ಅಲ್ಲ.

ಪ್ರಶ್ನೆ: ಮಗಳ ಜೊತೆ ಏನೇನು ಕಳಿಸಬೇಕು? ಚಿಕ್ಕ ರೈಸ್ ಕುಕ್ಕರ್ ಕಳಿಸಬಹುದಾ?

ಬೇಡ. ಡಾರ್ಮ್, ಅಂದರೆ ಹಾಸ್ಟೆಲ್ ರೂಮಿನಲ್ಲಿ ಅಡುಗೆ ಮಾಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಡೈನಿಂಗ್ ಹಾಲಿನಲ್ಲಿ ಸಸ್ಯಾಹಾರ ಸಿಗುತ್ತದೆ, ಕೆಲವು ದಿನ ಸಾರು ಇಲ್ಲದಿದ್ದರೆ ಏನೂ ಆಗುವುದಿಲ್ಲ. ಹಾಸಿಗೆ ಬಟ್ಟೆ ಅವರೇ ಕೊಡುತ್ತಾರಾ ಅಂತ ಮೊದಲೇ ಕೇಳಿ. ಡಾರ್ಮ್ ಮಂಚಗಳು ಟ್ವಿನ್ ಎಕ್ಸ್‌ಎಲ್ ಅಳತೆಯವು, ಮನೆಯ ಟ್ವಿನ್ ಬೆಡ್‌ಶೀಟ್ ಅದಕ್ಕೆ ಸಾಲುವುದಿಲ್ಲ. ಯುಸಿಎಲ್‌ಎ ಗುಡ್ಡದ ಮೇಲಿನ ಕ್ಯಾಂಪಸ್, ದಿನವಿಡೀ ಹತ್ತಿ ಇಳಿಯಬೇಕು. ಹೊಸ ಶೂ ಬೇಡ, ಹಾಕಿ ಪಳಗಿದ್ದೇ ಇರಲಿ.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಪಿಯುಸಿ ಮುಗಿಸಿ ಒಂದು ವರ್ಷ ಎಂಜಿನಿಯರಿಂಗ್ ಓದಿದ. ಎರಡು ಬ್ಯಾಕ್‌ಲಾಗ್ ಉಳಿದವು. ಅಷ್ಟರಲ್ಲಿ ಯಜಮಾನರಿಗೆ ಇಲ್ಲಿ ಕೆಲಸವಾಗಿ ಎಲ್ಲರೂ ಬಂದೆವು. ಈಗ ಡಿ ಆಂಜಾ ಕಾಲೇಜಿನಲ್ಲಿ ಚೆನ್ನಾಗಿ ಓದುತ್ತಿದ್ದಾನೆ, ಜಿಪಿಎ 3.7 ಇದೆ. ಕಂಪ್ಯೂಟರ್ ಸೈನ್ಸ್ ಆಸೆ. ಜುಲೈನಲ್ಲಿ ಸಮ್ಮರ್ ಪ್ರೋಗ್ರಾಮ್‌ಗೆ ಹೋಗುತ್ತಿದ್ದಾನೆ. ಪರಿಚಯದ ಕನ್ಸಲ್ಟೆಂಟ್ ಒಬ್ಬರು, "ಬೆಂಗಳೂರಿನ ವರ್ಷದ ಸುದ್ದಿಯನ್ನೇ ಎತ್ತಬೇಡಿ, ಇಲ್ಲಿ ಯಾರೂ ಚೆಕ್ ಮಾಡಲ್ಲ" ಅಂದಿದ್ದಾರೆ. ಅಲ್ಲಿಯ ಕೌನ್ಸೆಲರ್‌ಗೆ ಹೇಳಬೇಕಾ? ಹೋಗುವ ಮುಂಚೆ ಅವನು ಏನು ತಯಾರಿ ಮಾಡಿಕೊಳ್ಳಬೇಕು?

ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಆ ಕನ್ಸಲ್ಟೆಂಟ್ ಮೇಲೆ ಸಿಟ್ಟು ಬಂತು. ಈ ಸಲಹೆಯನ್ನು ನಾನು ಮೊದಲ ಸಲ ಕೇಳುತ್ತಿಲ್ಲ. ದುಡ್ಡು ತಗೊಂಡು ಮಕ್ಕಳ ಕೈಯಲ್ಲಿ ಸುಳ್ಳು ಬರೆಸುವವರು ಎಲ್ಲ ಊರಲ್ಲೂ ಇದ್ದಾರೆ. ಆಮೇಲೆ ಅಡ್ಮಿಷನ್ ರದ್ದಾದರೆ ಅದರ ಪೆಟ್ಟು ತಿನ್ನುವುದು ಮಗುವೇ ಹೊರತು ಅವರಲ್ಲ.

ನಿಯಮ ಸ್ಪಷ್ಟವಾಗಿದೆ. ಹೈಸ್ಕೂಲ್ ಮುಗಿದ ಮೇಲೆ ಓದಿದ ಪ್ರತಿಯೊಂದು ಕಾಲೇಜನ್ನೂ ಯುಸಿ ಅರ್ಜಿಯಲ್ಲಿ ತೋರಿಸಬೇಕು. ಯಾವ ದೇಶದ್ದಾದರೂ ಸರಿ, ಪಾಸಾಗಿರಲಿ ಬಿಡಲಿ, ಆ ಕ್ರೆಡಿಟ್ ನಿಮಗೆ ಬೇಕಿರಲಿ ಬೇಡದಿರಲಿ. ಅರ್ಜಿಯ ಕೊನೆಯಲ್ಲಿ "ಇದೆಲ್ಲ ನಿಜ, ಪೂರ್ತಿ" ಅಂತ ಒಪ್ಪಿಗೆ ಹಾಕುವವನು ನಿಮ್ಮ ಮಗ. ಮುಚ್ಚಿಟ್ಟದ್ದು ಗೊತ್ತಾದರೆ ಕೊಟ್ಟ ಸೀಟನ್ನೂ ವಾಪಸ್ ತಗೊಳ್ಳಬಹುದು. ಯಾರು ಚೆಕ್ ಮಾಡುತ್ತಾರೆ ಅಂತ ಕೇಳುವವರು ಒಂದು ವಿಷಯ ಮರೆಯುತ್ತಾರೆ. ಪಿಯುಸಿ ಮುಗಿದ ವರ್ಷಕ್ಕೂ ಡಿ ಆಂಜಾ ಸೇರಿದ ವರ್ಷಕ್ಕೂ ನಡುವೆ ಒಂದು ಖಾಲಿ ವರ್ಷ ಕಾಣುತ್ತದೆ. ವೀಸಾ ಅರ್ಜಿ ತುಂಬುವಾಗ ಅದೇ ಕಾಲೇಜಿನ ಹೆಸರನ್ನು ನೀವೇ ಬರೆದಿರುತ್ತೀರಿ. ಆದರೆ ಸಿಕ್ಕಿಬೀಳುವ ಭಯ ಒಂದು ಕಡೆ ಇರಲಿ. ಸಮ್ಮರ್ ಪ್ರೋಗ್ರಾಮ್ ಇರುವುದೇ ಅವನ ರೆಕಾರ್ಡ್ ಪೂರ್ತಿ ನೋಡಿ ದಾರಿ ಹೇಳಲಿಕ್ಕೆ. ಅರ್ಧ ತೋರಿಸಿದರೆ ಸಲಹೆಯೂ ಅರ್ಧವೇ ಸಿಗುತ್ತದೆ.

ಒಬ್ಬ ಹುಡುಗ ನನ್ನ ಮನಸ್ಸಿನಲ್ಲಿ ಇನ್ನೂ ಇದ್ದಾನೆ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಕೋರ್ಸು, ಗ್ರೇಡ್‌ಗಳ ದಾಖಲೆಯ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟ. ಕೆಳಗಿನ ಭಾಗವನ್ನು ಒಳಕ್ಕೆ ಮಡಚಿದ್ದ, ಮಡಿಕೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದ. ನಾನು ಬಿಡಿಸು ಅನ್ನಲಿಲ್ಲ. ಹಿಂದೆ ಸಾಲುಗಟ್ಟಿ ನಿಂತಿದ್ದರು, ಇವನಿಗೆ ಹದಿನೈದು ನಿಮಿಷ ಅಷ್ಟೇ ಇತ್ತು. ಆ ಮಡಿಕೆಯೊಳಗೆ ಇನ್ನೊಂದು ಕಾಲೇಜಿನಲ್ಲಿ ತಗೊಂಡ ಬೇಸಿಗೆ ಕೋರ್ಸ್‌ನ ವಿಷಯವಿತ್ತು, ಎಫ್ ಗ್ರೇಡ್. ಅದನ್ನು ಅರ್ಜಿಯಲ್ಲೂ ಬರೆಯಲಿಲ್ಲ. ಏಪ್ರಿಲ್‌ನಲ್ಲಿ ಸೀಟು ಸಿಕ್ಕಿತು. ಜುಲೈನಲ್ಲಿ ಸೀಟು ಹೋಯಿತು. ಸೂಟ್‌ಕೇಸ್ ಕಟ್ಟಿಟ್ಟಿದ್ದ ಮನೆ ಅದು. ಒಂದು ಎಫ್‌ನಿಂದ ಅವನ ಸೀಟು ಹೋಗುತ್ತಿರಲಿಲ್ಲ, ಮುಚ್ಚಿಟ್ಟಿದ್ದರಿಂದ ಹೋಯಿತು. ಆವತ್ತು ಬಿಡಿಸು ಅನ್ನದೇ ಹೋದದ್ದು ನನ್ನ ತಪ್ಪು. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಗಟ್ಟಿಯಾಗಿ ಮಾತಾಡುತ್ತೇನೆ.

ಈಗ ನಿಮ್ಮ ಮಗ ಮಾಡಬೇಕಾದ್ದು. ಬೆಂಗಳೂರಿನ ಎರಡೂ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್ ಹುಡುಕಿ, ಸ್ಕ್ಯಾನ್ ಮಾಡಿ, ಡಿ ಆಂಜಾದ ಅನ್‌ಅಫೀಶಿಯಲ್ ಟ್ರಾನ್ಸ್‌ಕ್ರಿಪ್ಟ್ ಜೊತೆ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಲಿ. ಗ್ರೇಡ್‌ಗಳನ್ನು ಅಮೆರಿಕದ ಲೆಕ್ಕಕ್ಕೆ ಬದಲಾಯಿಸುವುದು ಬೇಡ. ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಕೊಡಬೇಕು. ಅಫೀಶಿಯಲ್ ಟ್ರಾನ್ಸ್‌ಕ್ರಿಪ್ಟ್ ಬೇಕಾಗುವುದು ಸೀಟು ಸಿಕ್ಕ ಮೇಲೆ, ಆದರೆ ಕಾಲೇಜಿನವರಿಗೆ ಈಗಲೇ ಒಂದು ಮಾತು ಹೇಳಿಡಿ. ಅಲ್ಲಿ ಓಡಾಡಲು ಯಾರಾದರೂ ಬೇಕಾಗುತ್ತದೆ. ನಿಮ್ಮ ತಮ್ಮನೋ ಭಾವನೋ ಊರಿನಲ್ಲಿದ್ದರೆ ಅವರಿಗೆ ಒಪ್ಪಿಗೆ ಪತ್ರ ಬರೆದುಕೊಡಿ.

ಬೆಂಗಳೂರಿನ ಪಾಸಾದ ವಿಷಯಗಳಿಗೆ ಕ್ರೆಡಿಟ್ ಸಿಗುತ್ತದಾ? ಅದನ್ನು ನಿರ್ಧರಿಸುವುದು ಯುಸಿ. ಸಿಕ್ಕರೆ ಟ್ರಾನ್ಸ್‌ಫರ್‌ಗೆ ಇರುವ ಗರಿಷ್ಠ ಯೂನಿಟ್ ಮಿತಿ ಮೀರುತ್ತದಾ ಅನ್ನುವುದೂ ಕೇಳಬೇಕಾದ ಪ್ರಶ್ನೆ. ಪ್ರೋಗ್ರಾಮ್‌ನ ಮೊದಲ ದಿನವೇ ಈ ಎರಡನ್ನು ಕೇಳಲಿ.

ಎರಡನೆಯದು ಅಸಿಸ್ಟ್. ಅಸಿಸ್ಟ್ ಡಾಟ್ ಆರ್ಗ್ ಅನ್ನುವ ಸೈಟ್ ಗೊತ್ತಿಲ್ಲದೆ ಕ್ಯಾಂಪಸ್ಸಿಗೆ ಹೋಗುವುದು ಸುಮ್ನೆ ದಂಡ. ಡಿ ಆಂಜಾದ ಯಾವ ಕೋರ್ಸ್ ಯಾವ ಯುಸಿಯ ಯಾವ ಕೋರ್ಸ್‌ಗೆ ಸಮ ಅಂತ ಅಲ್ಲಿ ಅಧಿಕೃತವಾಗಿ ಬರೆದಿರುತ್ತದೆ. ಅವನಿಗೆ ಬೇಕಾದ ಮೂರು ಕ್ಯಾಂಪಸ್‌ಗಳ ಕಂಪ್ಯೂಟರ್ ಸೈನ್ಸ್ ಪಟ್ಟಿಯನ್ನು ಪ್ರಿಂಟ್ ತೆಗೆದು, ಮುಗಿದದ್ದಕ್ಕೆ ಒಂದು ಬಣ್ಣ, ಉಳಿದದ್ದಕ್ಕೆ ಇನ್ನೊಂದು ಬಣ್ಣ ಹಚ್ಚಲಿ. ಮೊಬೈಲಿನಲ್ಲಿ ಬೇಡ, ಕಾಗದದ ಮೇಲೇ ಮಾಡಲಿ. ಮೂರು ಹಾಳೆ ಪಕ್ಕ ಪಕ್ಕ ಇಟ್ಟಾಗ ಒಂದು ಕ್ಯಾಂಪಸ್ ಕೇಳುವ ಕೋರ್ಸನ್ನು ಇನ್ನೊಂದು ಕೇಳುವುದಿಲ್ಲ ಅನ್ನುವುದು ಕಣ್ಣಿಗೆ ಬೀಳುತ್ತದೆ.

ಇಲ್ಲಿ ನಮ್ಮ ಮಕ್ಕಳು ಜಾಸ್ತಿ ಎಡವುವ ಜಾಗವೊಂದಿದೆ. ಡಿ ಆಂಜಾ ಕ್ವಾರ್ಟರ್ ಪದ್ಧತಿಯ ಕಾಲೇಜು, ಅಂದರೆ ಓದಿನ ವರ್ಷಕ್ಕೆ ಮೂರು ಚಿಕ್ಕ ಅವಧಿ. ಫ್ರೀಮಾಂಟ್‌ನ ಓಲೋನಿ ಎರಡು ಅವಧಿಯ ಸೆಮಿಸ್ಟರ್ ಪದ್ಧತಿಯದ್ದು. ಡಿ ಆಂಜಾದಲ್ಲಿ ಕ್ಯಾಲ್ಕುಲಸ್ ನಾಲ್ಕು ತುಂಡು, ಸೆಮಿಸ್ಟರ್ ಕಾಲೇಜಿನಲ್ಲಿ ಮೂರು. ಅರ್ಧ ಇಲ್ಲಿ ಅರ್ಧ ಅಲ್ಲಿ ತಗೊಂಡರೆ ಜೋಡಣೆಯಲ್ಲಿ ಏನೋ ಒಂದು ಪಾಠ ಬಿಟ್ಟುಹೋಗುತ್ತದೆ, ಪಟ್ಟಿಯಲ್ಲಿ ಪೂರ್ತಿ ಸರಣಿ ಮುಗಿದಂತೆ ಲೆಕ್ಕಕ್ಕೆ ಬರುವುದಿಲ್ಲ. ಸರಣಿ ಶುರು ಮಾಡಿದ ಕಾಲೇಜಿನಲ್ಲೇ ಮುಗಿಸಬೇಕು. ಯೂನಿಟ್ ಲೆಕ್ಕವೂ ಹಾಗೇ. ಟ್ರಾನ್ಸ್‌ಫರ್‌ಗೆ ಬೇಕಾದದ್ದು 60 ಸೆಮಿಸ್ಟರ್ ಯೂನಿಟ್, ಅಂದರೆ 90 ಕ್ವಾರ್ಟರ್ ಯೂನಿಟ್. ಡಿ ಆಂಜಾದಲ್ಲಿ 60 ಆಯಿತು ಅಂತ ಸಿಹಿ ಹಂಚಿದ ಮನೆಯನ್ನು ನಾನು ನೋಡಿದ್ದೇನೆ. ಅವರಿಗೆ ಇನ್ನೂ 30 ಬಾಕಿ ಇತ್ತು.

ಮೂರನೆಯದು ಬರವಣಿಗೆ. ಟ್ರಾನ್ಸ್‌ಫರ್ ಅರ್ಜಿಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಬೇಕು, ಒಂದೊಂದೂ ಹೆಚ್ಚೆಂದರೆ 350 ಪದ. ಮೂರನ್ನು ಏಳರಲ್ಲಿ ಆರಿಸಿಕೊಳ್ಳಬಹುದು. ಒಂದು ಎಲ್ಲರಿಗೂ ಕಡ್ಡಾಯ: ನೀನು ಸೇರಬೇಕೆಂದಿರುವ ಮೇಜರ್‌ಗೆ, ಅಂದರೆ ಮುಖ್ಯ ವಿಷಯಕ್ಕೆ, ಹೇಗೆ ತಯಾರಾಗಿದ್ದೀಯ? ಇದಕ್ಕೆ ಒಂದು ಒರಟು ಕರಡನ್ನು ಅವನೇ ಬರೆದುಕೊಂಡು ಹೋಗಲಿ. ನಯಗೊಳಿಸಿದ್ದು ಬೇಡ. ತಿದ್ದಿ ತೀಡಿದ ಪ್ರಬಂಧ ಕೊಟ್ಟರೆ ಅಲ್ಲಿಯವರು ಅಲ್ಪವಿರಾಮ ಸರಿಮಾಡಿ ವಾಪಸ್ ಕೊಡುತ್ತಾರೆ. ಒರಟಾಗಿದ್ದರೆ "ಈ ಪ್ರಾಜೆಕ್ಟ್ ಯಾಕೆ ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ" ಅಂತ ಕೇಳುತ್ತಾರೆ. ಉಪಯೋಗಕ್ಕೆ ಬರುವ ಮಾತು ಹುಟ್ಟುವುದು ಆಗಲೇ.

ಬೆಂಗಳೂರಿನ ವರ್ಷದ ಬಗ್ಗೆ ಈ ನಾಲ್ಕು ಉತ್ತರಗಳಲ್ಲಿ ಅಳುವುದು ಬೇಡ. ಅದಕ್ಕೆ ಅರ್ಜಿಯಲ್ಲಿ ಹೆಚ್ಚುವರಿ ವಿವರದ ಜಾಗ ಬೇರೆ ಇದೆ. ಅಲ್ಲಿ ಮೂರು ವಾಕ್ಯ ಸಾಕು. ಏನಾಯಿತು, ಯಾಕಾಯಿತು, ಆಮೇಲೆ ಏನು ಬದಲಾಯಿತು. ಮೇಷ್ಟ್ರು ಸರಿಯಿರಲಿಲ್ಲ, ಸಿಲಬಸ್ ಸರಿಯಿರಲಿಲ್ಲ ಅಂತ ದೂರುವುದು ಬೇಡ. ಅಲ್ಲಿ ಫೇಲಾದ ಗಣಿತವನ್ನು ಇಲ್ಲಿ ಒಳ್ಳೆ ಗ್ರೇಡಿನಲ್ಲಿ ಮುಗಿಸಿದ್ದರೆ ಆ ಒಂದು ಸಾಲೇ ಅವನ ಪರವಾಗಿ ಮಾತಾಡುತ್ತದೆ.

ಹೋಗುವ ಹಿಂದಿನ ದಿನ ಒಂದು ಕೆಲಸ ಮಾಡಿಸಿ. ಊಟದ ಮೇಜಿನ ಹತ್ತಿರ ಕೂತು, ಬೆಂಗಳೂರಿನಿಂದ ಹಿಡಿದು ಇವತ್ತಿನವರೆಗಿನ ರೆಕಾರ್ಡನ್ನು ನಿಮ್ಮೆದುರು ಗಟ್ಟಿಯಾಗಿ ಓದಲಿ, ಎಫ್ ಬಂದ ಕಡೆ ದನಿ ತಗ್ಗಿಸದೆ. ನೀವು ನಡುವೆ ಬಾಯಿ ಹಾಕಬೇಡಿ. ಯಜಮಾನರಿಗೂ ಹೇಳಿ. ಮನೆಯಲ್ಲಿ ಒಂದು ಸಲ ಹೇಳಿದ ಮಾತು ಹೊರಗಿನವರ ಎದುರು ಹೇಳಲು ಅಷ್ಟು ಕಷ್ಟವಾಗುವುದಿಲ್ಲ.

ಅಲ್ಲಿಗೆ ಹೋದ ಮೇಲೆ ಕಟ್ಟಡ ನೋಡುವುದಕ್ಕೆ ಜಾಸ್ತಿ ಹೊತ್ತು ಕೊಡದಿರಲಿ. ಟ್ರಾನ್ಸ್‌ಫರ್ ಆಗಿ ಒಂದು ವರ್ಷ ಕಳೆದಿರುವ ಒಬ್ಬರನ್ನು ಹುಡುಕಿ, ಮೊದಲ ಕ್ವಾರ್ಟರ್ ಹೇಗಿತ್ತು ಅಂತ ಕೇಳಲಿ. ಯುಸಿಎಲ್‌ಎಯಲ್ಲಿ ಕ್ವಾರ್ಟರ್ ಅಂದರೆ 10 ವಾರದ ಪಾಠ, ಆಮೇಲೆ ಪರೀಕ್ಷೆ. ಒಂದು ವಾರ ಜ್ವರ ಬಂದು ಮಲಗಿದರೆ ಹತ್ತರಲ್ಲಿ ಒಂದು ಭಾಗ ಹೋಯಿತು. ಆ ವೇಗ ತನಗೆ ಒಗ್ಗುತ್ತದಾ ಅಂತ ಅವನೇ ಯೋಚಿಸಬೇಕು. ಒಗ್ಗುವುದಿಲ್ಲ ಅನಿಸಿದರೆ ಯುಸಿಯಲ್ಲೇ ಬರ್ಕ್ಲಿ, ಮರ್ಸೆಡ್ ಸೆಮಿಸ್ಟರ್ ಕ್ಯಾಂಪಸ್‌ಗಳು.

ಪ್ರಶ್ನೆ: ಸಿ ಬಂದ ಕೋರ್ಸನ್ನು ಇನ್ನೊಮ್ಮೆ ತಗೊಂಡು ಎ ಮಾಡಿಕೊಂಡರೆ ಜಿಪಿಎ ಏರುತ್ತದಂತೆ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹೇಳಿದರು.

ತಪ್ಪು. ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬಂದಿದ್ದರೆ ಮತ್ತೆ ತಗೊಂಡದ್ದನ್ನು ಯುಸಿ ಜಿಪಿಎಗೆ ಸೇರಿಸುವುದಿಲ್ಲ. ಡಿ, ಎಫ್ ಬಂದಿದ್ದರೆ ಮಾತ್ರ ಅದಕ್ಕೆ ಅರ್ಥ. ಆ ಗ್ರೂಪಿನಿಂದ ಹೊರಗೆ ಬನ್ನಿ.

ಪ್ರಶ್ನೆ: ಎಸ್‌ಎಟಿ ಪ್ರವೇಶ ಪರೀಕ್ಷೆಯ ಸ್ಕೋರ್, ಭರತನಾಟ್ಯದ ಸರ್ಟಿಫಿಕೇಟ್, ರೆಕಮೆಂಡೇಶನ್ ಲೆಟರ್ ಎಲ್ಲ ಕಳಿಸಲಾ?

ಅಡ್ಮಿಷನ್ ತೀರ್ಮಾನಕ್ಕೆ ಎಸ್‌ಎಟಿಯನ್ನು ಯುಸಿ ನೋಡುವುದನ್ನೇ ಬಿಟ್ಟಿದೆ. ಉಳಿದವೂ ಫೈಲಿನಲ್ಲಿ ಮನೆಯಲ್ಲೇ ಇರಲಿ. ನೃತ್ಯ ಅವಳ ಬದುಕಿನಲ್ಲಿ ದೊಡ್ಡದಾಗಿದ್ದರೆ ಅದರ ಬಗ್ಗೆ ಬರೆಯಲಿ.

ಪ್ರಶ್ನೆ: ಇಂಥ ಪ್ರೋಗ್ರಾಮ್‌ಗಳಲ್ಲಿ ಮನೆಯಲ್ಲೇ ಮೊದಲು ಕಾಲೇಜು ಹತ್ತಿದವರಿಗೆ, ಕಡಿಮೆ ಆದಾಯದವರಿಗೆ ಆದ್ಯತೆ ಅಂತೆ. ನಾವಿಬ್ಬರೂ ಎಂಜಿನಿಯರ್‌ಗಳು. ಭಾರತದ ಡಿಗ್ರಿ ಲೆಕ್ಕಕ್ಕಿಲ್ಲ ಅಂತ ಬರೆದರೆ ನಡೆಯುತ್ತದಾ?

ನಡೆಯುವುದಿಲ್ಲ, ನಡೆಯಲೂಬಾರದು. ನಿಮ್ಮ ಮಗಳಿಗೆ ಮನೆಯಲ್ಲೇ ಇಬ್ಬರು ಕೌನ್ಸೆಲರ್‌ಗಳಿದ್ದಾರೆ. ರಾತ್ರಿ ಹೋಟೆಲಿನಲ್ಲಿ ದುಡಿದು ಬೆಳಗ್ಗೆ ಕ್ಲಾಸಿಗೆ ಬರುವ ಹುಡುಗಿಗೆ ಒಬ್ಬರೂ ಇಲ್ಲ. ಆ ಕುರ್ಚಿ ಅವಳಿಗಾಗಿ ಹಾಕಿದ್ದು. ನಿಮ್ಮ ಕಾಲೇಜಿನ ಟ್ರಾನ್ಸ್‌ಫರ್ ಸೆಂಟರ್‌ಗೆ ಹೋಗಿ, ಅಲ್ಲಿ ಎಲ್ಲರಿಗೂ ಬಾಗಿಲು ತೆರೆದಿದೆ.

ಪ್ರಶ್ನೆ: ಪ್ರೋಗ್ರಾಮ್ ನಡೆಯುವಾಗ ಅಲ್ಲಿಯ ಕೌನ್ಸೆಲರ್‌ಗೆ ಫೋನ್ ಮಾಡಿ ಮಗನ ಬಗ್ಗೆ ವಿಚಾರಿಸಬಹುದಾ?

ಮಾಡಬೇಡಿ. ಮಗ ಕಾಲೇಜಿಗೆ ಸೇರಿದ ದಿನದಿಂದ ಅವನ ಓದಿನ ದಾಖಲೆಯ ಹಕ್ಕು ಅವನದ್ದು. 1974ರ ಫರ್ಪಾ ಕಾಯಿದೆ ಹಾಗೆ ಹೇಳುತ್ತದೆ. ಅವನ ಒಪ್ಪಿಗೆ ಇಲ್ಲದೆ ಅವರು ಸಾಮಾನ್ಯವಾಗಿ ನಿಮಗೆ ಏನೂ ಹೇಳುವುದಿಲ್ಲ. ಅಪ್ಪ ಅಮ್ಮ ಫೋನ್ ಮಾಡಿದಾಗ ಪಕ್ಕದಲ್ಲಿ ಕೂತಿರುವ ಮಗುವಿನ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು.

ಪ್ರಶ್ನೆ: ವಾಪಸ್ ಬಂದ ಮೇಲೆ ಸ್ವಲ್ಪ ದಿನ ಸುಮ್ಮನಿದ್ದು ಅಕ್ಟೋಬರ್‌ನಲ್ಲಿ ಶುರು ಮಾಡಿದರೆ ಸಾಕಲ್ವಾ?

ಸಾಲದು. ಸೀಟು ಖಾತ್ರಿ ಮಾಡುವ ಟಿಎಜಿ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಅರ್ಜಿಗೆ ಸಮಯ ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋಗೆ ಟಿಎಜಿ ಇಲ್ಲ. ಕೆಲವು ಕ್ಯಾಂಪಸ್‌ಗಳು ಕೆಲವು ಮೇಜರ್‌ಗಳನ್ನೂ ಇದರಿಂದ ಹೊರಗಿಟ್ಟಿವೆ, ಮೊದಲು ಅದನ್ನು ನೋಡಿಕೊಳ್ಳಿ. ಊರಿಗೆ ಬಂದ ವಾರವೇ ನಿಮ್ಮ ಕಾಲೇಜಿನ ಕೌನ್ಸೆಲರ್ ಹತ್ತಿರ ಅಪಾಯಿಂಟ್‌ಮೆಂಟ್ ತಗೊಳ್ಳಿ. ಆಗಸ್ಟ್ ಕೊನೆಗೆ ಜಾಗ ಸಿಗುವುದಿಲ್ಲ. ಆ ಬಣ್ಣ ಹಚ್ಚಿದ ಹಾಳೆಗಳನ್ನು ಜೊತೆಗೆ ಒಯ್ಯಿರಿ, ಮಡಚದೆ.